ಕಾಣಿಸುವ ತಾಣಕ್ಕೆ ಓದುಗರು ಏಕೆ ಬರುತ್ತಿಲ್ಲ? ಎಐ ಉತ್ತರಗಳ ಕಾಲದಲ್ಲಿ ಕನ್ನಡ ಜಾಲತಾಣಗಳು

2025ರ ನವೆಂಬರ್‌ನಲ್ಲಿ ಗೂಗಲ್ ತನ್ನ ಹುಡುಕಾಟದ ‘ಎಐ ಮೋಡ್’ ಸೌಲಭ್ಯವನ್ನು ಕನ್ನಡವೂ ಸೇರಿದಂತೆ ಭಾರತದ ಇನ್ನೂ ಏಳು ಭಾಷೆಗಳಲ್ಲಿ ತೆರೆಯಿತು. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಕನ್ನಡದಲ್ಲೇ ಒಂದೆರಡು ಪ್ಯಾರಾದ ಸಿದ್ಧ ಉತ್ತರ ಸಿಗುವುದು ಓದುಗರಿಗೆ ಅನುಕೂಲವೇ. ಆದರೆ ಕನ್ನಡದಲ್ಲಿ ಜಾಲತಾಣ ನಡೆಸುವವರನ್ನು, ಅದು ಸುದ್ದಿಯ ತಾಣವಿರಲಿ, ಕೃಷಿ ಮಾಹಿತಿಯ ತಾಣವಿರಲಿ ಅಥವಾ ಸೀರೆ ಮಾರುವ ನೇಕಾರರ ಸಂಘದ ತಾಣವಿರಲಿ, ಈ ಬದಲಾವಣೆ ಗೊಂದಲಕ್ಕೆ ದೂಡಿದೆ. ಗೂಗಲ್ ಉಚಿತವಾಗಿ ಒದಗಿಸುವ ‘ಸರ್ಚ್ ಕನ್ಸೋಲ್’ನಲ್ಲಿ ಮುಖ್ಯವಾಗಿ ಎರಡು ಲೆಕ್ಕಗಳಿರುತ್ತವೆ. ನಿಮ್ಮ ಪುಟ ಹುಡುಕಾಟದ ಫಲಿತಾಂಶದಲ್ಲಿ ಎಷ್ಟು ಸಲ ಕಾಣಿಸಿತು ಎಂಬುದು ‘ಇಂಪ್ರೆಷನ್’. ಎಷ್ಟು ಸಲ ಅದನ್ನು ಒತ್ತಿ ಓದುಗರು ಒಳಗೆ ಬಂದರು ಎಂಬುದು ‘ಕ್ಲಿಕ್’. ಹಿಂದೆ ಈ ಎರಡೂ ಗೆರೆಗಳು ಹೆಚ್ಚುಕಡಿಮೆ ಜೊತೆಯಾಗಿ ಏರಿ ಇಳಿಯುತ್ತಿದ್ದವು. ಈಗ ಅನೇಕ ತಾಣಗಳಲ್ಲಿ ಮೊದಲನೆಯದು ನಿಂತಲ್ಲೇ ನಿಂತಿದ್ದರೂ, ಕೆಲವೊಮ್ಮೆ ಏರುತ್ತಿದ್ದರೂ, ಎರಡನೆಯದು ಇಳಿಯುತ್ತಿದೆ.

ಇದರ ಅರ್ಥವೇನು? ‘ಎಸ್‌ಇಒ’ ಎಂದು ಕರೆಯುವ, ಹುಡುಕಾಟದಲ್ಲಿ ಮೇಲೆ ಬರುವಂತೆ ಪುಟವನ್ನು ಅಣಿಗೊಳಿಸುವ ಕೆಲಸ ಇನ್ನು ವ್ಯರ್ಥವೇ? ಅಥವಾ ಈಗ ಎಲ್ಲ ಕಡೆ ಮಾರಾಟವಾಗುತ್ತಿರುವ ‘ಎಐಗಾಗಿ ಎಸ್‌ಇಒ’ ಎಂಬ ಹೊಸ ಸೇವೆಯನ್ನು ಕೊಂಡುಕೊಳ್ಳಬೇಕೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಮೊದಲು ಜಾಲತಾಣ ಮತ್ತು ಹುಡುಕಾಟ ಯಂತ್ರಗಳ ನಡುವೆ ಇಷ್ಟು ಕಾಲ ಇದ್ದ ಸಂಬಂಧ ಎಂಥದ್ದು ಎಂಬುದನ್ನು ನೋಡಬೇಕು.

ಬರೆದುಕೊಳ್ಳದ ಒಪ್ಪಂದ

1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಗೂಗಲ್ ಕಂಪನಿಯನ್ನು ಆರಂಭಿಸಿದಾಗ ಅವರ ಕೈಯಲ್ಲಿದ್ದ ಮುಖ್ಯ ವಿಚಾರ ಸರಳವಾದದ್ದು. ಒಂದು ಪುಟಕ್ಕೆ ಬೇರೆ ಪುಟಗಳು ಕೊಂಡಿ ಕೊಟ್ಟಿದ್ದರೆ ಅದನ್ನು ಒಂದು ಬಗೆಯ ಶಿಫಾರಸು ಎಂದು ಎಣಿಸಬಹುದು. ಶಿಫಾರಸು ಮಾಡಿದ ಪುಟಕ್ಕೇ ತೂಕ ಹೆಚ್ಚಿದ್ದರೆ ಅದರ ಮಾತಿಗೂ ತೂಕ ಹೆಚ್ಚು. ‘ಕ್ರಾಲರ್’ ಎಂಬ ತಂತ್ರಾಂಶ ಕೊಂಡಿಯಿಂದ ಕೊಂಡಿಗೆ ಸಾಗುತ್ತಾ ಪುಟಗಳನ್ನು ಓದುತ್ತದೆ, ಓದಿದ್ದನ್ನು ಸೂಚಿಯಲ್ಲಿ ಸೇರಿಸುತ್ತದೆ, ಯಾರಾದರೂ ಹುಡುಕಿದಾಗ ಸೂಚಿಯಿಂದ ತಕ್ಕ ಪುಟಗಳನ್ನು ಹೆಕ್ಕಿ ಪಟ್ಟಿ ಕೊಡುತ್ತದೆ.

ಈ ಏರ್ಪಾಡಿನಲ್ಲಿ ಒಂದು ಕೊಡುಕೊಳ್ಳುವಿಕೆ ಇತ್ತು. ತಾಣದವರು ತಮ್ಮ ಬರಹವನ್ನು ಯಂತ್ರಕ್ಕೆ ಬಿಟ್ಟಿಯಾಗಿ ಓದಲು ಬಿಡುತ್ತಿದ್ದರು. ಬದಲಿಗೆ ಯಂತ್ರ ಓದುಗರನ್ನು ಕಳುಹಿಸುತ್ತಿತ್ತು. ಓದುಗರು ಬಂದರೆ ಜಾಹೀರಾತಿನ ಹಣವೋ, ಸರಕಿನ ಮಾರಾಟವೋ, ಕನಿಷ್ಠ ಹೆಸರೋ ದಕ್ಕುತ್ತಿತ್ತು. ಯಾರೂ ಕಾಗದದ ಮೇಲೆ ಸಹಿ ಹಾಕದ ಈ ಒಪ್ಪಂದದ ಮೇಲೆಯೇ ಎಸ್‌ಇಒ ಎಂಬ ಉದ್ಯಮವೂ ಅದರ ಬೆನ್ನಿಗೇ ಕಂಟೆಂಟ್ ಮಾರ್ಕೆಟಿಂಗ್ ಕೂಡ ಬೆಳೆದವು. ಸರಕನ್ನು ನೇರವಾಗಿ ಹೊಗಳುವ ಬದಲು ಗ್ರಾಹಕರಿಗೆ ಉಪಯೋಗವಾಗುವ ಮಾಹಿತಿ ಕೊಟ್ಟು, ಆ ಮೂಲಕ ವಿಶ್ವಾಸ ಗಳಿಸಿ, ಮಾರಾಟಕ್ಕೆ ದಾರಿ ಮಾಡಿಕೊಳ್ಳುವುದೇ ಕಂಟೆಂಟ್ ಮಾರ್ಕೆಟಿಂಗ್. ಔಷಧಿ ಸಿಂಪಡಣೆಯ ಪಂಪು ಮಾರುವವರು ‘ನಮ್ಮ ಪಂಪು ಕೊಳ್ಳಿ’ ಎನ್ನುವ ಬದಲು ಅಡಿಕೆಗೆ ಯಾವ ತಿಂಗಳಲ್ಲಿ ಯಾವ ಔಷಧಿ ಎಂದು ವಿವರಿಸುವ ಲೇಖನ ಬರೆಸುವುದು ಇದಕ್ಕೆ ಉದಾಹರಣೆ.

ಒಪ್ಪಂದವನ್ನು ಮೊದಲು ದುರುಪಯೋಗ ಮಾಡಿದವರು ತಾಣದವರೇ ಎಂಬುದನ್ನೂ ಒಪ್ಪಿಕೊಳ್ಳಬೇಕು. ಒಂದೇ ಪದವನ್ನು ಪುಟದ ತುಂಬ ತುರುಕುವುದು, ಹಣ ಕೊಟ್ಟು ಕೊಂಡಿಗಳನ್ನು ಕೊಳ್ಳುವುದು, ಬೇರೆಯವರ ಬರಹವನ್ನು ತಿರುಚಿ ಹಾಕುವುದು ಎಲ್ಲವೂ ನಡೆದವು. 2011ರಲ್ಲಿ ‘ಪಾಂಡಾ’ ಎಂಬ ಪರಿಷ್ಕರಣೆಯಿಂದ ಗೂಗಲ್ ಹುರುಳಿಲ್ಲದ ಪುಟಗಳನ್ನು ಕೆಳಗಿಳಿಸಿತು. 2012ರಲ್ಲಿ ‘ಪೆಂಗ್ವಿನ್’ ಕೊಂಡಿಗಳ ವ್ಯಾಪಾರಕ್ಕೆ ಪೆಟ್ಟು ಕೊಟ್ಟಿತು. ಪುಟಗಳ ಗುಣಮಟ್ಟ ಪರಿಶೀಲಿಸುವವರಿಗಾಗಿ ಗೂಗಲ್ ರೂಪಿಸಿರುವ ಮಾರ್ಗಸೂಚಿಗೆ 2022ರ ಡಿಸೆಂಬರ್‌ನಲ್ಲಿ ‘ಅನುಭವ’ ಎಂಬ ಅಂಶವನ್ನು ಸೇರಿಸಲಾಯಿತು. ಬರೆದವರು ಆ ಕೆಲಸವನ್ನು ಸ್ವತಃ ಮಾಡಿದ್ದಾರೆಯೇ, ಆ ಜಾಗವನ್ನು ಕಂಡಿದ್ದಾರೆಯೇ, ಆ ವಸ್ತುವನ್ನು ಬಳಸಿದ್ದಾರೆಯೇ ಎಂಬ ಪ್ರಶ್ನೆ ಅದು. ಈ ಲೇಖನದ ಮುಂದಿನ ಭಾಗಕ್ಕೆ ಈ ಒಂದು ಅಂಶ ಬಹಳ ಮುಖ್ಯವಾಗುತ್ತದೆ.

ಪಟ್ಟಿಯ ಜಾಗದಲ್ಲಿ ಉತ್ತರ

ಯಾವ ಪುಟಕ್ಕೂ ಹೋಗದೆ ಉತ್ತರ ಪಡೆಯುವುದು ಹೊಸದೇನಲ್ಲ. ಹವಾಮಾನ, ಕ್ರಿಕೆಟ್ ಸ್ಕೋರು, ಡಾಲರ್ ದರ ಇವೆಲ್ಲ ವರ್ಷಗಳಿಂದ ಹುಡುಕಾಟದ ಪುಟದ ಮೇಲೇ ಸಿಗುತ್ತಿವೆ. ಆದರೆ ಅವು ಚಿಕ್ಕ ಸಂಗತಿಗಳು. 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ, ಆಗಸ್ಟ್‌ನಲ್ಲಿ ಭಾರತದಲ್ಲಿ ಬಂದ ‘ಎಐ ಓವರ್‌ವ್ಯೂ’ ಮಾಡಿದ ಕೆಲಸ ಬೇರೆ ಬಗೆಯದು. ಅದು ಹಲವು ಪುಟಗಳಲ್ಲಿರುವ ವಿಷಯವನ್ನು ಒಟ್ಟುಗೂಡಿಸಿ, ಹೊಸ ವಾಕ್ಯಗಳಲ್ಲಿ ಬರೆದು, ಪಕ್ಕದಲ್ಲಿ ಕೆಲವು ಕೊಂಡಿಗಳನ್ನಿಟ್ಟು ಪಟ್ಟಿಗಿಂತ ಮೇಲೆ ತೋರಿಸುತ್ತದೆ. ಎಐ ಮೋಡ್ ಇನ್ನೂ ಮುಂದೆ ಹೋಗಿ ಪಟ್ಟಿಯನ್ನೇ ಬದಿಗಿಟ್ಟು, ಮಾತುಕತೆಯಂತೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಲು ಅವಕಾಶ ಕೊಡುತ್ತದೆ.

ಇದರಿಂದಾಗುವ ಪರಿಣಾಮವನ್ನು ಅಳೆದ ಅಧ್ಯಯನಗಳಲ್ಲಿ ಹೆಚ್ಚು ಚರ್ಚೆಯಾದದ್ದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2025ರ ಜುಲೈನಲ್ಲಿ ಪ್ರಕಟಿಸಿದ್ದು. ಸುಮಾರು 900 ಮಂದಿ ವಯಸ್ಕರ ನಿಜವಾದ ಜಾಲಬಳಕೆಯನ್ನು ಅವರ ಒಪ್ಪಿಗೆಯ ಮೇಲೆ ಗಮನಿಸಿದಾಗ, ಎಐ ಸಾರಾಂಶ ಕಾಣಿಸದ ಹುಡುಕಾಟಗಳಲ್ಲಿ ಶೇ 15ರಷ್ಟು ಸಲ ಜನ ಪಟ್ಟಿಯ ಕೊಂಡಿಯೊಂದನ್ನು ಒತ್ತಿದ್ದರು. ಸಾರಾಂಶ ಕಾಣಿಸಿದಾಗ ಅದು ಶೇ 8ಕ್ಕೆ ಇಳಿದಿತ್ತು. ಸಾರಾಂಶದ ಒಳಗಿನ ಕೊಂಡಿಗಳನ್ನು ಒತ್ತಿದ್ದು ಶೇ 1ರಷ್ಟು ಸಲ ಮಾತ್ರ. ಇದು ಅಮೆರಿಕದ ಇಂಗ್ಲಿಷ್ ಬಳಕೆದಾರರ ಲೆಕ್ಕವಾದ್ದರಿಂದ ಅದೇ ಅಂಕಿಗಳನ್ನು ಕನ್ನಡಕ್ಕೆ ತಂದು ಅಂಟಿಸುವುದು ತಪ್ಪಾಗುತ್ತದೆ. ಆದರೆ ಕಾರಣ ಮತ್ತು ಪರಿಣಾಮದ ಸರಣಿ ಎಲ್ಲಿಯೂ ಒಂದೇ: ಪ್ರಶ್ನೆಗೆ ಉತ್ತರ ಹೊಸ್ತಿಲಲ್ಲೇ ಸಿಕ್ಕಿದರೆ ಮನೆಯೊಳಗೆ ಬರುವವರು ಕಡಿಮೆಯಾಗುತ್ತಾರೆ.

ಮೇಲೆ ಹೇಳಿದ ಎರಡು ಗೆರೆಗಳ ಗುಟ್ಟು ಇಲ್ಲಿದೆ. ಎಐ ಸಾರಾಂಶದಲ್ಲಿ ನಿಮ್ಮ ಪುಟದ ಕೊಂಡಿ ತೋರಿದರೂ ಅದನ್ನು ಇಂಪ್ರೆಷನ್ ಎಂದೇ ಎಣಿಸಲಾಗುತ್ತದೆ. ಆದ್ದರಿಂದ ‘ಕಾಣಿಸುವುದು’ ಉಳಿಯುತ್ತದೆ, ‘ಬರುವುದು’ ಇಳಿಯುತ್ತದೆ. ಇಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. 2025ರ ಸೆಪ್ಟೆಂಬರ್‌ನಲ್ಲಿ ಒಂದೇ ಪುಟದಲ್ಲಿ ನೂರು ಫಲಿತಾಂಶ ತೋರಿಸುವ ಸೌಲಭ್ಯವನ್ನು ಗೂಗಲ್ ನಿಲ್ಲಿಸಿತು. ಪಟ್ಟಿಯಲ್ಲಿ ತಾಣದ ಸ್ಥಾನ ಎಷ್ಟನೆಯದೆಂದು ಪರೀಕ್ಷಿಸುವ ತಂತ್ರಾಂಶಗಳು ಅದನ್ನು ಬಳಸಿ ಉಬ್ಬಿಸಿದ್ದ ಇಂಪ್ರೆಷನ್‌ಗಳು ಆಗ ಅನೇಕ ತಾಣಗಳಲ್ಲಿ ದಿಢೀರನೆ ಕುಸಿದವು. ಆ ಕುಸಿತವನ್ನು ನೋಡಿ ಗಾಬರಿಯಾಗಿ ತಾಣವನ್ನೇ ಬದಲಿಸಿದವರು ಇಲ್ಲದ ಕಾಯಿಲೆಗೆ ಮದ್ದು ಮಾಡಿದಂತಾಯಿತು.

ಎರಡು ವಾದಗಳು

ಗೂಗಲ್‌ನ ಹುಡುಕಾಟ ವಿಭಾಗದ ಮುಖ್ಯಸ್ಥೆ ಲಿಜ್ ರೀಡ್ 2025ರ ಆಗಸ್ಟ್‌ನಲ್ಲಿ ಕಂಪನಿಯ ನಿಲುವನ್ನು ವಿವರಿಸಿದ್ದರು. ಹುಡುಕಾಟದಿಂದ ತಾಣಗಳಿಗೆ ಹೋಗುವ ಒಟ್ಟು ಕ್ಲಿಕ್‌ಗಳು ಹಿಂದಿನ ವರ್ಷಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಸ್ಥಿರವಾಗಿವೆ, ಒತ್ತಿ ತಕ್ಷಣ ಹಿಂದಿರುಗದ ‘ಗುಣಮಟ್ಟದ ಕ್ಲಿಕ್‌’ಗಳು ತುಸು ಹೆಚ್ಚಿವೆ ಎಂಬುದು ಅವರ ವಾದ. ಪ್ಯೂ ಅಧ್ಯಯನದ ವಿಧಾನವೇ ಸರಿಯಿಲ್ಲ ಎಂದೂ ಕಂಪನಿ ಹೇಳಿತು.

ಪ್ರಕಾಶಕರು ಇದನ್ನು ಒಪ್ಪುವುದಿಲ್ಲ. ರೋಲಿಂಗ್ ಸ್ಟೋನ್, ವೆರೈಟಿ ಮುಂತಾದ ಪತ್ರಿಕೆಗಳ ಒಡೆತನದ ಪೆನ್ಸ್ಕೆ ಮೀಡಿಯಾ, ಎಐ ಸಾರಾಂಶಗಳು ತನ್ನ ಓದುಗರನ್ನು ಕಸಿಯುತ್ತಿವೆ ಎಂದು 2025ರ ಸೆಪ್ಟೆಂಬರ್‌ನಲ್ಲಿ ಗೂಗಲ್ ವಿರುದ್ಧ ಅಮೆರಿಕದ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿತು. ಅದಕ್ಕೂ ಮೊದಲು ಫೆಬ್ರವರಿಯಲ್ಲಿ ವಿದ್ಯಾರ್ಥಿಗಳಿಗೆ ಪಾಠದ ನೆರವು ಕೊಡುವ ಚೆಗ್ ಕಂಪನಿ ಇದೇ ಕಾರಣಕ್ಕೆ ನ್ಯಾಯಾಲಯದ ಮೆಟ್ಟಿಲೇರಿತ್ತು. ಡಿಸೆಂಬರ್‌ನಲ್ಲಿ ಯುರೋಪಿಯನ್ ಆಯೋಗ, ಪ್ರಕಾಶಕರ ಬರಹವನ್ನು ಎಐ ಉತ್ತರಗಳಿಗೆ ಬಳಸುವ ರೀತಿ ನ್ಯಾಯವಾದುದೇ ಎಂಬ ಬಗ್ಗೆ ಔಪಚಾರಿಕ ತನಿಖೆ ಆರಂಭಿಸಿತು. ಭಾರತದಲ್ಲಿ ಡಿಜಿಟಲ್ ಸುದ್ದಿ ಪ್ರಕಾಶಕರ ಸಂಘದ ದೂರಿನ ಮೇಲೆ ಸ್ಪರ್ಧಾ ಆಯೋಗವು ಗೂಗಲ್ ವಿರುದ್ಧ ತನಿಖೆಗೆ ಆದೇಶಿಸಿದ್ದು 2022ರ ಜನವರಿಯಲ್ಲಿ, ಅಂದರೆ ಎಐ ಸಾರಾಂಶ ಬರುವುದಕ್ಕೂ ಮೊದಲೇ.

ಎರಡು ವಾದಗಳೂ ಒಂದೇ ಕಾಲಕ್ಕೆ ನಿಜವಾಗಿರಲು ಸಾಧ್ಯವಿದೆ ಎಂಬುದನ್ನು ಗಮನಿಸಬೇಕು. ಒಟ್ಟು ಕ್ಲಿಕ್‌ಗಳು ಸ್ಥಿರವಾಗಿದ್ದೂ ಅವುಗಳ ಹಂಚಿಕೆ ಬದಲಾಗಬಹುದು. ‘ಪಹಣಿಯಲ್ಲಿ ಹೆಸರು ತಿದ್ದಿಸುವುದು ಹೇಗೆ’ ಎಂಬಂಥ ಪ್ರಶ್ನೆಗೆ ಉತ್ತರಿಸುತ್ತಿದ್ದ ಸಣ್ಣ ತಾಣ ಸೊರಗಿ, ಚರ್ಚಾ ವೇದಿಕೆಗಳೂ ವಿಡಿಯೊ ತಾಣಗಳೂ ಕೊಬ್ಬಬಹುದು. ಜಗತ್ತಿನ ಸರಾಸರಿಯಲ್ಲಿ ಈ ನಷ್ಟ ಕಾಣಿಸುವುದೇ ಇಲ್ಲ. ಕನ್ನಡದಂಥ ಭಾಷೆಯ ತಾಣಗಳು ಆ ಸರಾಸರಿಯಲ್ಲಿ ಎಷ್ಟು ಚಿಕ್ಕ ಪಾಲು ಎಂದು ಯೋಚಿಸಿದರೆ, ‘ಒಟ್ಟಾರೆ ಸ್ಥಿರ’ ಎಂಬ ಮಾತು ನಮಗೆ ಯಾವ ಸಮಾಧಾನವನ್ನೂ ಕೊಡಲಾರದು.

ಬೇಡ ಎನ್ನುವ ಆಯ್ಕೆ ಇದೆಯೇ?

ಇಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇದೆ. ತಾಣದ ಮೂಲ ಕಡತಕೋಶದಲ್ಲಿ ‘ರೋಬೋಟ್ಸ್’ ಎಂಬ ಒಂದು ಸಣ್ಣ ಪಠ್ಯದ ಕಡತವಿರುತ್ತದೆ. ಯಾವ ಕ್ರಾಲರ್ ಬರಬಹುದು, ಯಾವುದು ಬರಬಾರದು ಎಂಬ ಸೂಚನೆ ಅದರಲ್ಲಿರುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಗೂಗಲ್ ‘ಗೂಗಲ್ ಎಕ್ಸ್‌ಟೆಂಡೆಡ್’ ಎಂಬ ಹೊಸ ಗುರುತನ್ನು ಕೊಟ್ಟು, ಇದನ್ನು ತಡೆದರೆ ನಿಮ್ಮ ಬರಹವನ್ನು ತನ್ನ ಬಾರ್ಡ್ (ಈಗಿನ ಜೆಮಿನಿ) ಎಐ ಮಾದರಿಗಳ ತರಬೇತಿಗೆ ಬಳಸುವುದಿಲ್ಲ ಎಂದಿತು. ಅನೇಕರು ಅದನ್ನು ತಡೆದು ನೆಮ್ಮದಿಯಾಗಿದ್ದಾರೆ. ಆದರೆ ಹುಡುಕಾಟದ ಪುಟದಲ್ಲಿ ಕಾಣುವ ಎಐ ಸಾರಾಂಶಕ್ಕೆ ಈ ತಡೆ ಅನ್ವಯಿಸುವುದಿಲ್ಲ, ಏಕೆಂದರೆ ಅದು ಹುಡುಕಾಟದ ಭಾಗವೆಂದೇ ಪರಿಗಣಿತವಾಗಿದೆ ಮತ್ತು ಅದಕ್ಕೆ ಬೇಕಾದ ಬರಹವನ್ನು ಸಾಮಾನ್ಯ ‘ಗೂಗಲ್‌ಬಾಟ್’ ಕ್ರಾಲರ್ ಓದಿರುತ್ತದೆ.

ಗೂಗಲ್‌ಬಾಟನ್ನೇ ತಡೆದರೆ ಹುಡುಕಾಟದಿಂದ ಓದುಗರು ಬರುವುದು ನಿಂತಂತೆಯೇ. ‘ನೋಸ್ನಿಪೆಟ್’ ಎಂಬ ಸೂಚನೆಯನ್ನು ಪುಟದಲ್ಲಿ ಹಾಕಿದರೆ ಎಐ ಸಾರಾಂಶದಲ್ಲಿ ಆ ಪುಟದ ಬರಹ ಬಳಕೆಯಾಗುವುದಿಲ್ಲ. ಆದರೆ ಪಟ್ಟಿಯಲ್ಲಿ ಶೀರ್ಷಿಕೆಯ ಕೆಳಗೆ ಬರುವ ಎರಡು ಸಾಲಿನ ಪರಿಚಯವೂ ಮಾಯವಾಗುತ್ತದೆ, ಪರಿಚಯವಿಲ್ಲದ ಕೊಂಡಿಯನ್ನು ಒತ್ತುವವರು ಕಡಿಮೆ. ತಾಣದವರು ಅಡಕತ್ತರಿಗೆ ಸಿಕ್ಕ ಸ್ಥಿತಿ ಇದು. ‘ಪಟ್ಟಿಯಲ್ಲಿ ಇರುತ್ತೇನೆ, ಸಾರಾಂಶದಲ್ಲಿ ಇರುವುದಿಲ್ಲ’ ಎಂದು ಹೇಳಲು ಬೇರೆಯದೇ ಗುಂಡಿ ಇರಬೇಕೆಂಬ ಬೇಡಿಕೆ ಇಲ್ಲಿಂದ ಹುಟ್ಟಿದೆ, ಮತ್ತು ಆ ಬೇಡಿಕೆ ನ್ಯಾಯವಾದುದು. ಹುಡುಕಾಟದಲ್ಲಿ ಅಕ್ರಮ ಏಕಸ್ವಾಮ್ಯ ನಡೆಸಿದೆ ಎಂದು 2024ರಲ್ಲಿ ಅಮೆರಿಕದ ನ್ಯಾಯಾಲಯ ಹೇಳಿದ ಈ ಕಂಪನಿಯದೇ ಭಾರತದ ಹುಡುಕಾಟದಲ್ಲೂ ಸಿಂಹಪಾಲು. ‘ಇಷ್ಟವಿಲ್ಲದಿದ್ದರೆ ಬೇರೆ ಯಂತ್ರ ನೋಡಿಕೊಳ್ಳಿ’ ಎಂಬ ಮಾತಿಗೆ ಹೀಗಾಗಿ ಅರ್ಥವಿಲ್ಲ.

ಕಣ್ಣಿಗೆ ಕಾಣುವ, ಯಂತ್ರಕ್ಕೆ ಕಾಣದ ಕನ್ನಡ

ಇಷ್ಟೆಲ್ಲ ಹೇಳಿದ ಮೇಲೂ, ಬಹಳಷ್ಟು ಕನ್ನಡ ತಾಣಗಳ ತೊಂದರೆ ಎಐಗಿಂತ ಹಳೆಯದು ಮತ್ತು ಹೆಚ್ಚು ಸರಳವಾದದ್ದು. ನುಡಿ, ಬರಹ ಮುಂತಾದ ತಂತ್ರಾಂಶಗಳು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಎಲ್ಲ ಯಂತ್ರಗಳಿಗೂ ತಿಳಿಯುವ ಬೇರೆ ಬೇರೆ ಸಂಕೇತ ಕೊಡುವ ಜಾಗತಿಕ ವ್ಯವಸ್ಥೆ) ಬಳಕೆ ವ್ಯಾಪಕವಾಗುವ ಮೊದಲೇ ಕನ್ನಡವನ್ನು ಕಂಪ್ಯೂಟರಿಗೆ ತಂದವು, ಆ ಉಪಕಾರ ದೊಡ್ಡದು. ಆದರೆ ಅವುಗಳ ಹಳೆಯ ಅಕ್ಷರವಿನ್ಯಾಸದಲ್ಲಿ ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಪರದೆಯ ಮೇಲೆ ‘ಕನ್ನಡ’ ಎಂದು ಚೆನ್ನಾಗಿ ಕಾಣುವ ಪದವನ್ನು ನಕಲು ಮಾಡಿ ಮೊಬೈಲಿನ ಸಂದೇಶದ ಪೆಟ್ಟಿಗೆಯಲ್ಲಿ ಅಂಟಿಸಿ ನೋಡಿ: ಹಳೆಯ ನುಡಿಯಲ್ಲಿ ಬರೆದದ್ದಾದರೆ ಇಂಗ್ಲಿಷಿನ ಪಿ, ಕ್ಯೂ, ನೆತ್ತಿಯ ಮೇಲೆ ಗೆರೆ ಹೊತ್ತ ಎ, ನಡುವೆ ಬ್ರಿಟನ್ನಿನ ಪೌಂಡಿನ ಗುರುತು, ಹೀಗೆ ಕಲಸುಮೇಲೋಗರ ಬರುತ್ತದೆ. ಯಂತ್ರ ಓದುವುದು ಆ ಕಲಸುಮೇಲೋಗರವನ್ನೇ. ಆ ಪುಟ ಕನ್ನಡದ ಯಾವ ಹುಡುಕಾಟಕ್ಕೂ ಸಿಗುವುದಿಲ್ಲ.

ಸರ್ಕಾರಿ ಸುತ್ತೋಲೆಗಳು, ಕೃಷಿ ಕೈಪಿಡಿಗಳು, ಸಂಘ ಸಂಸ್ಥೆಗಳ ಸ್ಮರಣ ಸಂಚಿಕೆಗಳು ಇದೇ ರೀತಿಯ ಅಕ್ಷರಗಳಲ್ಲಿ ಪಿಡಿಎಫ್ ಆಗಿ ಕೂತಿವೆ, ಇಲ್ಲವೇ ಸ್ಕ್ಯಾನ್ ಮಾಡಿದ ಚಿತ್ರಗಳಾಗಿವೆ. ಚಿತ್ರದೊಳಗಿನ ಅಕ್ಷರವನ್ನು ಗುರುತಿಸುವ ತಂತ್ರಜ್ಞಾನ ಸುಧಾರಿಸಿದ್ದರೂ ಒತ್ತಕ್ಷರ, ಅರ್ಕಾವೊತ್ತು ಬಂದಲ್ಲಿ ಇನ್ನೂ ಎಡವುತ್ತದೆ. ಅಂಗಡಿಯ ಎಲ್ಲ ಮಾಹಿತಿಯನ್ನೂ ಒಂದು ಬಣ್ಣದ ಪೋಸ್ಟರಿನಲ್ಲಿ ಹಾಕಿ ಅದನ್ನೇ ಜಾಲತಾಣ ಎನ್ನುವವರ ಕಥೆಯೂ ಇದೇ. ಹೀಗಾಗಿ ಕನ್ನಡ ತಾಣವೊಂದರ ಎಸ್‌ಇಒ ಎಂದರೆ ಮೊಟ್ಟಮೊದಲು ಯೂನಿಕೋಡ್ ಪಠ್ಯ. ಅದಾದ ಮೇಲೆಯೇ ಉಳಿದದ್ದು.

ಉಳಿದದ್ದರಲ್ಲಿ ಪುಟದ ವೇಗ ಒಂದು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು ಎಂಬುದು ಗೂಗಲ್ ಇಟ್ಟುಕೊಂಡ ಅಳತೆ. ವಿಳಾಸದ ವಿಷಯ ಇನ್ನೊಂದು. ‘ಅಡಿಕೆ’ ಎಂಬ ಪದದಲ್ಲಿ ಯೂನಿಕೋಡ್ ಲೆಕ್ಕದಲ್ಲಿ ಐದು ಸಂಕೇತಗಳಿವೆ. ಪುಟದ ವಿಳಾಸದಲ್ಲಿ ಅದನ್ನು ಹಾಕಿದಾಗ ಪ್ರತಿ ಸಂಕೇತವೂ ಒಂಬತ್ತು ಚಿಹ್ನೆಗಳಾಗಿ ಒಟ್ಟು 45 ಚಿಹ್ನೆಗಳ ಬಾಲವಾಗುತ್ತದೆ. ಹುಡುಕಾಟ ಯಂತ್ರಕ್ಕೆ ಇದರಿಂದ ತೊಂದರೆಯಿಲ್ಲ. ಆದರೆ ವಾಟ್ಸ್ಆ್ಯಪ್‌ನಲ್ಲಿ ಹಂಚಿದಾಗ ಇಡೀ ಪರದೆ ತುಂಬುವ ಆ ವಿಳಾಸವನ್ನು ಕಂಡು ಜನ ಮೋಸದ ಕೊಂಡಿ ಎಂದು ಹಿಂಜರಿಯುತ್ತಾರೆ. ವಿಳಾಸವನ್ನು ಚಿಕ್ಕದಾಗಿ ರೋಮನ್ ಅಕ್ಷರದಲ್ಲಿ ಇಟ್ಟು, ಶೀರ್ಷಿಕೆ ಮತ್ತು ಒಡಲನ್ನು ಕನ್ನಡದಲ್ಲಿ ಇಡುವುದು ಒಳ್ಳೆಯದು.

ಹುಡುಕುವವರ ಮಾತು ಬೇರೆ

ಕನ್ನಡದಲ್ಲಿ ಹುಡುಕುವವರು ಒಂದೇ ರೀತಿ ಹುಡುಕುವುದಿಲ್ಲ. ಕೆಲವರು ಕನ್ನಡ ಅಕ್ಷರಗಳಲ್ಲಿ, ಕೆಲವರು ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುತ್ತಾರೆ, ಇನ್ನು ಕೆಲವರು ಮೈಕಿನ ಗುರುತು ಒತ್ತಿ ಮಾತಾಡುತ್ತಾರೆ. ಪದಗಳೂ ಊರಿನಿಂದ ಊರಿಗೆ ಬೇರೆ. ಹಳೆ ಮೈಸೂರಿನ ಪಹಣಿ ಧಾರವಾಡದ ಕಡೆ ಉತಾರ. ಕಚೇರಿಯಲ್ಲಿ ಅದೇ ಆರ್‌ಟಿಸಿ. ಮಲೆನಾಡಿನ ಅಡಿಕೆಗೆ ಬರುವ ಕೊಳೆರೋಗಕ್ಕೆ ಮಹಾಳಿ ಎಂಬ ಹೆಸರೂ ಇದೆ. ಕನ್ನಡದ ವಿಭಕ್ತಿಗಳು ಪದಕ್ಕೇ ಅಂಟಿಕೊಳ್ಳುವುದರಿಂದ ಅಡಿಕೆ, ಅಡಿಕೆಗೆ, ಅಡಿಕೆಯಲ್ಲಿ ಎಂಬ ರೂಪಗಳೆಲ್ಲ ಒಂದೇ ಪದದವು ಎಂದು ಯಂತ್ರ ತಿಳಿದುಕೊಳ್ಳಬೇಕಾಗುತ್ತದೆ. ಭಾಷೆಯ ಅರ್ಥ ಹಿಡಿಯುವ ಹೊಸ ಮಾದರಿಗಳು ಬಂದ ಮೇಲೆ ಈ ತೊಡಕು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಆದ್ದರಿಂದ ಒಂದೇ ಕೀವರ್ಡನ್ನು (ಜನ ಹುಡುಕುವ ಪದವನ್ನು) ಇಪ್ಪತ್ತು ಸಲ ಹೇಳುವುದಕ್ಕಿಂತ, ಒಂದು ವಸ್ತುವಿಗೆ ಜನ ಬಳಸುವ ಎಲ್ಲ ಹೆಸರುಗಳನ್ನೂ ಬರಹದಲ್ಲಿ ಒಂದೊಂದು ಸಲ ಸಹಜವಾಗಿ ತರುವುದು ಹೆಚ್ಚು ಫಲ ಕೊಡುತ್ತದೆ. ಇಳಕಲ್ ಸೀರೆ ಮಾರುವ ತಾಣ ‘ಅತ್ಯುತ್ತಮ ಗುಣಮಟ್ಟದ ಸೀರೆಗಳು’ ಎಂದು ಎಷ್ಟು ಸಲ ಬರೆದರೂ ಯಾರೂ ಆ ಮಾತನ್ನು ಹುಡುಕುವುದಿಲ್ಲ. ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಕುಣಿಕೆ ಹಾಕಿ ಒಂದಕ್ಕೊಂದು ಸೇರಿಸುವುದು ಹೇಗೆ, ಆ ಜೋಡಣೆಯನ್ನು ಸೀರೆಯಲ್ಲಿ ಎಲ್ಲಿ ಮುಟ್ಟಿ ನೋಡಬೇಕು, ಯಂತ್ರದ ನೇಯ್ಗೆಯಲ್ಲಿ ಅದು ಏಕೆ ಇರುವುದಿಲ್ಲ ಎಂದು ಬರೆದರೆ, ಅಸಲಿ ಸೀರೆ ಗುರುತಿಸುವುದು ಹೇಗೆ ಎಂದು ಹುಡುಕುವವರಿಗೆಲ್ಲ ಆ ಪುಟ ಬೇಕಾಗುತ್ತದೆ.

ರಾಶಿ ಬರಹದ ಆಮಿಷ

ಕ್ಲಿಕ್ ಕಡಿಮೆಯಾದಾಗ ಅನೇಕರಿಗೆ ಮೊದಲು ಹೊಳೆಯುವ ಪರಿಹಾರ, ಎಐ ಬಳಸಿ ದಿನಕ್ಕೆ ಐವತ್ತು ಲೇಖನ ಹಾಕುವುದು. ಇದರ ಫಲವನ್ನು ಕರ್ನಾಟಕದ ಓದುಗರು ಈಗಾಗಲೇ ಉಣ್ಣುತ್ತಿದ್ದಾರೆ. ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆ 2023ರಲ್ಲಿ ಆರಂಭವಾದಾಗಿನಿಂದ, ‘ಹಣ ಜಮೆ, ಈಗಲೇ ನೋಡಿ’ ಎಂಬ ಧಾಟಿಯ ಶೀರ್ಷಿಕೆಗಳು ಹುಡುಕಾಟವನ್ನು ತುಂಬಿವೆ. ಒಳಗೆ ಹೋದರೆ ದಿನಾಂಕವಿಲ್ಲ, ಆದೇಶದ ಸಂಖ್ಯೆಯಿಲ್ಲ, ಬರೆದವರ ಹೆಸರಿಲ್ಲ. ಬ್ಯಾಂಕಿಗೆ ಬಸ್ ಹತ್ತಿ ಹೋಗಿ ಬರಿಗೈಯಲ್ಲಿ ಮರಳುವ ಹೆಂಗಸಿಗೆ ಇದು ಬರೀ ಮಾಹಿತಿಯ ದೋಷವಾಗಿ ಉಳಿಯುವುದಿಲ್ಲ. ಅವಳ ಒಂದು ದಿನದ ಕೂಲಿ ಹೋಗಿರುತ್ತದೆ.

ಎಐ ಬಳಸಿ ಬರೆದದ್ದು ಎಂಬ ಒಂದೇ ಕಾರಣಕ್ಕೆ ಪುಟವನ್ನು ಶಿಕ್ಷಿಸುವುದಿಲ್ಲ ಎಂದು ಗೂಗಲ್ 2023ರ ಫೆಬ್ರವರಿಯಲ್ಲಿ ಹೇಳಿತ್ತು. ಆದರೆ 2024ರ ಮಾರ್ಚ್‌ನಲ್ಲಿ ತಂದ ನಿಯಮದಲ್ಲಿ, ಓದುಗರಿಗೆ ಉಪಯೋಗವಿಲ್ಲದೆ ಕೇವಲ ಸ್ಥಾನ ಗಳಿಸಲೆಂದು ರಾಶಿ ರಾಶಿಯಾಗಿ ತಯಾರಿಸಿದ ಪುಟಗಳನ್ನು, ಮನುಷ್ಯರು ಬರೆದಿರಲಿ ಯಂತ್ರ ಬರೆದಿರಲಿ, ದುರುಪಯೋಗವೆಂದೇ ಪರಿಗಣಿಸುವುದಾಗಿ ಸ್ಪಷ್ಟಪಡಿಸಿತು. ಶಿಕ್ಷೆ ಬಿದ್ದರೆ ಆ ತಾಣದ ಒಳ್ಳೆಯ ಪುಟಗಳೂ ಕೆಳಗಿಳಿಯುತ್ತವೆ.

ಶಿಕ್ಷೆಗಿಂತ ದೊಡ್ಡ ಅಪಾಯ ಭಾಷೆಗೆ. 2011ರ ಜನಗಣತಿಯ ಪ್ರಕಾರ 4.37 ಕೋಟಿ ಜನರ ಮಾತೃಭಾಷೆಯಾದ ಕನ್ನಡಕ್ಕೆ ಜಾಲದಲ್ಲಿರುವ ಪಠ್ಯ ತೀರ ಕಡಿಮೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ 70 ಲಕ್ಷಕ್ಕೂ ಹೆಚ್ಚು ಲೇಖನಗಳಿದ್ದರೆ ಕನ್ನಡದಲ್ಲಿರುವುದು ಹತ್ತಾರು ಸಾವಿರ. ಇಂಗ್ಲಿಷಿನಲ್ಲಿ ಒಂದು ವಿಷಯದ ಮೇಲೆ ಸಾವಿರ ಪುಟಗಳಿದ್ದಾಗ ಹತ್ತು ತಪ್ಪು ಪುಟಗಳು ಮುಳುಗಿಹೋಗುತ್ತವೆ. ಕನ್ನಡದಲ್ಲಿ ಒಟ್ಟು ಇರುವುದೇ ಹನ್ನೆರಡು ಪುಟಗಳಾದರೆ, ಅವುಗಳಲ್ಲಿ ಒಂಬತ್ತನ್ನು ಯಂತ್ರವೇ ತಯಾರಿಸಿದ್ದರೆ, ಎಐ ಸಾರಾಂಶ ಆ ಒಂಬತ್ತನ್ನೇ ಓದಿ ಉತ್ತರ ಕೊಡುತ್ತದೆ. ಆ ಉತ್ತರವನ್ನು ನಂಬಿ ಇನ್ನೊಬ್ಬರು ಹತ್ತನೆಯ ಪುಟ ಬರೆಸುತ್ತಾರೆ. ತಪ್ಪು ಹೀಗೆ ಸುತ್ತಿ ಸುತ್ತಿ ಗಟ್ಟಿಯಾಗುತ್ತದೆ.

ಸಾರಾಂಶಕ್ಕೆ ದಕ್ಕದ್ದು

ಅಡಿಕೆ ಕೊಳೆರೋಗದ ಉದಾಹರಣೆಯನ್ನೇ ಹತ್ತಿರದಿಂದ ನೋಡೋಣ. ಈ ರೋಗ ತಡೆಯಲು ಸಿಂಪಡಿಸುವ ‘ಬೋರ್ಡೋ ದ್ರಾವಣದ ಪ್ರಮಾಣ ಎಷ್ಟು’ ಎಂದು ಕೇಳಿದರೆ ಉತ್ತರ ಒಂದೇ ಸಾಲು: 1 ಕೆ.ಜಿ. ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಇದು ಯಾರ ಸ್ವತ್ತೂ ಅಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗದ ಅಧ್ಯಯನವನ್ನು 1910ರಲ್ಲೇ ಪ್ರಕಟಿಸಿದ್ದರು. ದ್ರಾವಣದ ಪಾಕ ತಲೆಮಾರುಗಳಿಂದ ಎಲ್ಲರಿಗೂ ಗೊತ್ತಿರುವುದು. ಆ ಒಂದು ಸಾಲಿನ ಮೇಲೆ ಮಾತ್ರ ನಿಂತಿದ್ದ ಪುಟ ಇನ್ನು ಓದುಗರನ್ನು ಕಳೆದುಕೊಳ್ಳುತ್ತದೆ, ಅದನ್ನು ಯಾವ ಎಸ್‌ಇಒ ಕೂಡ ಉಳಿಸಲಾರದು.

ಆದರೆ ತೋಟದಲ್ಲಿ ನಿಂತವರ ಪ್ರಶ್ನೆಗಳು ಅಲ್ಲಿಗೆ ಮುಗಿಯುವುದಿಲ್ಲ. ಮೈಲುತುತ್ತನ್ನೂ ಸುಣ್ಣವನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ತಿಳಿಗೆ ನಿಧಾನವಾಗಿ ಸುರಿಯಬೇಕು. ಕಬ್ಬಿಣದ ಪಾತ್ರೆ ಬಳಸಬಾರದು. ದ್ರಾವಣ ಸಿದ್ಧವಾದ ಮೇಲೆ ತೊಳೆದ ಕಬ್ಬಿಣದ ಚಾಕುವನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದು ನೋಡಬೇಕು. ಅಲಗಿನ ಮೇಲೆ ಕೆಂಪಗೆ ತಾಮ್ರದ ಲೇಪ ಕಂಡರೆ ಸುಣ್ಣ ಸಾಲದು ಎಂದರ್ಥ, ಲೇಪ ಕಾಣದಾಗುವವರೆಗೆ ಸುಣ್ಣದ ತಿಳಿ ಬೆರೆಸಬೇಕು. ಈ ವರ್ಷ ಮಳೆ ಬೇಗ ಹಿಡಿದು ಮೊದಲ ಸಿಂಪಡಣೆಯೇ ತಪ್ಪಿದರೆ ಏನು ಮಾಡಬೇಕು, ಎರಡನೆಯ ಸಿಂಪಡಣೆಗೆ 40-45 ದಿನ ಕಾಯುವಷ್ಟರಲ್ಲಿ ಬಿಡುವೇ ಸಿಗದಿದ್ದರೆ ಏನು, ಮರ ಹತ್ತುವವರು ಸಿಗದ ಊರಿನಲ್ಲಿ ಅಡಿಕೆ ಗೊನೆಗಳಿಗೆ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟುವುದು ಲೆಕ್ಕಕ್ಕೆ ಗಿಟ್ಟುತ್ತದೆಯೇ ಎಂಬ ಪ್ರಶ್ನೆಗಳಿಗೆ, ಅದೇ ಸೀಮೆಯ ಬೆಳೆಗಾರರೊಬ್ಬರು ತಮ್ಮ ಹೆಸರು, ಊರು, ತಾರೀಖು ಹಾಕಿ, ಲೇಪ ಹಿಡಿದ ಚಾಕುವಿನ ಚಿತ್ರ ಸಹಿತ ಬರೆದ ಪುಟಕ್ಕೇ ಹೋಗಬೇಕು. ಎಐ ಅದನ್ನೂ ಸಾರಾಂಶ ಮಾಡಬಹುದು, ನಿಜ. ಆದರೆ ಒಂದು ಹಂಗಾಮಿನ ಇಡೀ ಫಸಲನ್ನು ಪಣಕ್ಕಿಡುವ ರೈತ ಸಾರಾಂಶ ಓದಿ ಸುಮ್ಮನಾಗುವುದಿಲ್ಲ, ಹೇಳಿದವರು ಯಾರು ಎಂದು ನೋಡುತ್ತಾನೆ. ಗೂಗಲ್ ‘ಅನುಭವ’ ಎಂದು ಕರೆದದ್ದು ಇದನ್ನೇ.

‘ಎಐಗಾಗಿ ಎಸ್‌ಇಒ’ ಎಂದು ಮಾರುತ್ತಿರುವ ಸೇವೆಗಳ ಬಗ್ಗೆ ಒಂದು ಮಾತು. ಎಐ ಸಾರಾಂಶದಲ್ಲಿ ಕಾಣಿಸಿಕೊಳ್ಳಲು ಪ್ರತ್ಯೇಕ ತಂತ್ರ ಬೇಕಿಲ್ಲ, ಹುಡುಕಾಟಕ್ಕೆ ಬೇಕಾದ ಸಾಮಾನ್ಯ ಶಿಸ್ತೇ ಸಾಕು ಎಂದು ಗೂಗಲ್ ಬಹಿರಂಗವಾಗಿಯೇ ಹೇಳಿದೆ. ಎಐಗಳಿಗಾಗಿ ತಾಣದಲ್ಲಿ ವಿಶೇಷ ಪಠ್ಯ ಕಡತ ಇಡಬೇಕೆಂಬ ಸಲಹೆಯೂ ಚಲಾವಣೆಯಲ್ಲಿದೆ. ಗೂಗಲ್ ಹುಡುಕಾಟ ಅದನ್ನು ಬಳಸುವುದಿಲ್ಲ. ಪ್ರಶ್ನೆಗೆ ನೇರ ಉತ್ತರವನ್ನು ಮೊದಲ ಪ್ಯಾರಾದಲ್ಲೇ ಕೊಟ್ಟು, ಬಳಿಕ ವಿವರಕ್ಕೆ ಇಳಿಯುವುದು, ತಾರೀಖು ಮತ್ತು ಲೇಖಕರ ಪರಿಚಯ ಹಾಕುವುದು, ಹಳೆಯದಾದ ಪುಟವನ್ನು ತಿದ್ದುವುದು ಇವಕ್ಕೆ ಹಣ ಬೇಕಿಲ್ಲ, ಸಮಯ ಬೇಕು.

ಮುಂದೆ ಆಗಬಹುದಾದದ್ದು

ಎಲ್ಲರಿಗೂ ಗೊತ್ತಿರುವುದನ್ನೇ ಮತ್ತೆ ಬರೆದು ಜಾಹೀರಾತಿನಿಂದ ಬದುಕುತ್ತಿದ್ದ ತಾಣಗಳು ಮುಚ್ಚಬಹುದು. ಅದರಲ್ಲಿ ಎಲ್ಲವೂ ನಷ್ಟವೇನಲ್ಲ. ಆದರೆ ಅವುಗಳ ಜೊತೆ, ಕ್ಷೇತ್ರಕ್ಕೆ ಹೋಗಿ ವಿಷಯ ತರುವ ಸಣ್ಣ ತಾಣಗಳೂ ಮುಚ್ಚಿದರೆ ಎಐ ಓದುವುದಕ್ಕೆ ಹೊಸ ಕನ್ನಡ ಪಠ್ಯವೇ ಇರುವುದಿಲ್ಲ. ಬಾವಿಗೆ ನೀರು ಬರುವ ಸೆಲೆಯನ್ನೇ ಮುಚ್ಚಿ ಬಾವಿಯಿಂದ ಸೇದುವ ಸ್ಥಿತಿ ಅದು. ಆದ್ದರಿಂದ ಉಳಿಯಬಯಸುವ ತಾಣಗಳು ಹುಡುಕಾಟವೊಂದನ್ನೇ ನೆಚ್ಚದೆ, ವಾಟ್ಸ್ಆ್ಯಪ್ ಚಾನೆಲ್, ಇಮೇಲ್ ಪತ್ರ, ಚಂದಾದಾರಿಕೆಗಳ ಮೂಲಕ ಓದುಗರನ್ನು ನೇರವಾಗಿ ತಲುಪುವ ದಾರಿ ಮಾಡಿಕೊಳ್ಳುವುದು ಅನಿವಾರ್ಯವಾಗುತ್ತದೆ.

ಕಾನೂನಿನ ಕಡೆ, ಕೇಂದ್ರ ಸರ್ಕಾರದ ಕೈಗಾರಿಕಾ ಉತ್ತೇಜನ ಇಲಾಖೆಯ ಸಮಿತಿ 2025ರ ಡಿಸೆಂಬರ್‌ನಲ್ಲಿ ಒಂದು ಪ್ರಸ್ತಾವವನ್ನು ಮುಂದಿಟ್ಟಿದೆ. ಎಐ ಕಂಪನಿಗಳು ಬರಹಗಳನ್ನು ತರಬೇತಿಗೆ ಬಳಸಲು ಕಡ್ಡಾಯ ಪರವಾನಗಿ ಇರಬೇಕು, ಬದಲಿಗೆ ಅವು ರಾಯಧನ ಕೊಡಬೇಕು, ಹಕ್ಕುದಾರರು ಬಳಕೆಯನ್ನು ನಿರಾಕರಿಸುವಂತಿಲ್ಲ ಎಂಬುದು ಅದರ ಸಾರ. ದೊಡ್ಡ ಪ್ರಕಾಶಕರು ನಿರಾಕರಿಸುವ ಹಕ್ಕೇ ಬೇಕೆನ್ನುತ್ತಾರೆ. ಸಣ್ಣ ಕನ್ನಡ ತಾಣಕ್ಕೆ ಒಬ್ಬಂಟಿಯಾಗಿ ಚೌಕಾಶಿ ಮಾಡುವ ಬಲವಿಲ್ಲದ ಕಾರಣ ರಾಯಧನದ ವ್ಯವಸ್ಥೆ ಅದಕ್ಕೆ ಹೆಚ್ಚು ಉಪಯೋಗವಾಗಬಹುದು, ಆದರೆ ಹಂಚಿಕೆಯ ಸೂತ್ರದಲ್ಲಿ ಭಾಷೆಯ ಗಾತ್ರವೇ ಅಳತೆಯಾದರೆ ಕನ್ನಡದ ಪಾಲಿಗೆ ಬರುವುದು ಚಿಲ್ಲರೆ. ಪ್ರಸ್ತಾವದ ಕೇಂದ್ರದಲ್ಲಿರುವುದು ತರಬೇತಿ. ಓದುಗರನ್ನು ತಡೆಯುತ್ತಿರುವುದು ಹುಡುಕಾಟದ ಸಾರಾಂಶ. ಇವೆರಡನ್ನೂ ಒಂದೇ ಎಂದು ಭಾವಿಸಿ ಚರ್ಚಿಸಿದರೆ ಸಾರಾಂಶದ ಪ್ರಶ್ನೆ ಹಾಗೆಯೇ ಉಳಿದುಬಿಡುತ್ತದೆ.

ಕಾನೂನು ಬರುವ ಮೊದಲೇ ಆಗಬಹುದಾದ ಒಂದು ಕೆಲಸವಿದೆ. 2025ರ ಜೂನ್‌ನಿಂದ ಎಐ ಮೋಡ್‌ನ ಇಂಪ್ರೆಷನ್ ಮತ್ತು ಕ್ಲಿಕ್‌ಗಳನ್ನು ಸರ್ಚ್ ಕನ್ಸೋಲ್‌ನ ಒಟ್ಟು ಲೆಕ್ಕಕ್ಕೆ ಸೇರಿಸಲಾಗುತ್ತಿದೆ, ಆದರೆ ಪ್ರತ್ಯೇಕ ಸಾಲಾಗಿ ಕೊಟ್ಟಿಲ್ಲ. ಎಐ ಓವರ್‌ವ್ಯೂನ ಲೆಕ್ಕವೂ ಹೀಗೆಯೇ ಬೆರೆತುಹೋಗಿದೆ. ಸಾರಾಂಶದಲ್ಲಿ ಎಷ್ಟು ಸಲ ಕಾಣಿಸಿದೆವು, ಅಲ್ಲಿಂದ ಎಷ್ಟು ಮಂದಿ ಬಂದರು, ಪಟ್ಟಿಯಿಂದ ಎಷ್ಟು ಮಂದಿ ಬಂದರು ಎಂಬ ಮೂರು ಅಂಕಿಗಳನ್ನು ಭಾಷಾವಾರು ಬಿಡಿಸಿ ಕೊಟ್ಟರೆ, ಕ್ಲಿಕ್‌ಗಳು ಸ್ಥಿರವಾಗಿವೆ ಎನ್ನುವ ಕಂಪನಿಯ ಮಾತನ್ನು ಶಿರಸಿಯ ತಾಣವೊಂದು ತನ್ನ ಲೆಕ್ಕಪುಸ್ತಕದ ಎದುರಿಗಿಟ್ಟು ತಾಳೆ ನೋಡಬಹುದು.